ಎಡಗೈಯ ಐದು ಸ್ವರ

ಊರಿನಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಹುಟ್ಟಿದ ಕೊಂಕಣಿ ಮನೆಯವಳು ನಾನು. ಚರ್ಚಿನಲ್ಲಿ ಹಾರ್ಮೋನಿಯಂ, ಆಮೇಲೆ ಕೀಬೋರ್ಡ್ ನುಡಿಸುತ್ತ ಬೆಳೆದೆ. ಈಗ ಆದಿ ಉಡುಪಿಯಲ್ಲಿ ಮನೆ, ಮಣಿಪಾಲದಲ್ಲಿ ಸಂಗೀತದ ಪಾಠ. ಉಳಿದ ಹೊತ್ತಿನಲ್ಲಿ ವಯಲಿನ್, ಚೆಲ್ಲೋಗಳ ಗುಂಪಿಗೆ ಕೃತಿಗಳನ್ನು ರಚಿಸುತ್ತೇನೆ. ಸಿನಿಮಾಕ್ಕಾ ಎಂದು ಕೇಳುತ್ತಾರೆ. ಅಲ್ಲ ಎಂದರೆ, ಮತ್ತೆ ಯಾರಿಗೆ ಎನ್ನುತ್ತಾರೆ. ಈ ಎರಡನೆಯ ಪ್ರಶ್ನೆಗೆ ಬಹುಮಟ್ಟಿಗೆ ನನ್ನಲ್ಲಿ ಉತ್ತರ ಇರುವುದಿಲ್ಲ. ಒಂದು ಕೃತಿಯ ವಿಷಯದಲ್ಲಿ ಮಾತ್ರ ಇತ್ತು. ಅದು ಕಾಪುವಿನ ಒಬ್ಬ ಸ್ಯಾಕ್ಸೋಫೋನ್ ವಾದಕರಿಗೆಂದೇ ಬರೆದದ್ದು.

ಅವರನ್ನು ಮೊದಲು ಕೇಳಿದ್ದು ಕಾರ್ಕಳದ ಒಂದು ಮದುವೆಯಲ್ಲಿ. ಮುಹೂರ್ತ ಮುಗಿದು ಜನರೆಲ್ಲ ಊಟದ ಹಾಲಿಗೆ ಇಳಿದಿದ್ದರು. ಮೇಲೆ ಖಾಲಿ ಕುರ್ಚಿಗಳು, ಪ್ಲಾಸ್ಟಿಕ್ ಹೂ ಬಿಚ್ಚುವ ಇಬ್ಬರು ಅಲಂಕಾರದವರು, ವೇದಿಕೆಯ ಮೂಲೆಯಲ್ಲಿ ಕಾಲು ಮಡಚಿ ಕೂತ ಇವರು. ಯಾರೂ ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಆಲಾಪನೆ ಎತ್ತಿಕೊಂಡರು. ಕೆಳಗಿನ ಸ್ಥಾಯಿಯಲ್ಲಿ ಒಂದೇ ಸ್ವರದ ಸುತ್ತ ಸುತ್ತುತ್ತ, ಅವಸರವಿಲ್ಲದೆ, ತನ್ನಷ್ಟಕ್ಕೆ ತಾನೇ ಏನೋ ಲೆಕ್ಕ ಹಾಕುವವರಂತೆ ಊದುತ್ತಿದ್ದರು. ನಾನು ಕೈಯಲ್ಲಿ ಉಡುಗೊರೆಯ ಕವರ್ ಹಿಡಿದುಕೊಂಡೇ ಕೂತುಬಿಟ್ಟೆ. ಅವರು ನಿಲ್ಲಿಸಿದ ಮೇಲೆ ಹತ್ತಿರ ಹೋಗಿ ನನ್ನ ಪರಿಚಯ ಹೇಳಿಕೊಂಡೆ. ಟೀಚರ್ ಎಂದು ಕರೆದರು. ಅಂದಿನಿಂದ ನಾನು ಅವರಿಗೆ ಟೀಚರ್, ಅವರು ನನಗೆ ಅಣ್ಣ.

ಅವರ ತಂದೆ ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ಮಗ ಸ್ಯಾಕ್ಸೋಫೋನ್ ಹಿಡಿದರು. ಮದುವೆ, ಗೃಹಪ್ರವೇಶ, ನವರಾತ್ರಿ ಎಂದು ವರ್ಷದ ಹೆಚ್ಚಿನ ಕಾಲ ಕಾರ್ಯಕ್ರಮಗಳಿರುತ್ತಿದ್ದವು. ಹೆಂಡತಿ ಕಾಪು ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟವರು. ಅಕ್ಕ ಎಂದು ನಾನು ಕರೆಯುವುದು, ಆದರೆ ನನಗಿಂತ ಸ್ವಲ್ಪ ಚಿಕ್ಕವರೇ ಇರಬೇಕು.

ಮಣಿಪಾಲದಲ್ಲಿ ಒಂದು ಹವ್ಯಾಸಿ ತಂತಿವಾದ್ಯ ತಂಡ ಉಂಟು. ಬೇರೆ ಬೇರೆ ರಾಜ್ಯಗಳಿಂದ ಓದಲಿಕ್ಕೆ ಬಂದ ವಿದ್ಯಾರ್ಥಿಗಳು, ಕೆಲವು ವೈದ್ಯರು, ಚರ್ಚಿನಲ್ಲಿ ವಯಲಿನ್ ನುಡಿಸುವವರು ಸೇರಿ ಮಾಡಿಕೊಂಡದ್ದು. ಅದನ್ನು ನಡೆಸುವವರು ನಿವೃತ್ತಿಗೆ ಹತ್ತಿರವಾದ ಒಬ್ಬ ಪ್ರೊಫೆಸರ್. ಅವರು ಒಂದು ಹೊಸ ಕೃತಿ ಬೇಕೆಂದು ಕೇಳಿದಾಗ ನಾನು ಸ್ಯಾಕ್ಸೋಫೋನಿಗೆ ಕನ್ಸರ್ಟೊ ಬರೆಯುತ್ತೇನೆ ಎಂದೆ. ಕನ್ಸರ್ಟೊ ಎಂದರೆ ಒಂದೇ ಒಂದು ವಾದ್ಯ ಇಡೀ ವೃಂದದ ಎದುರು ಕೂತು ಮಾತಾಡುವ, ವಾದಿಸುವ, ಕೆಲವೊಮ್ಮೆ ಜಗಳವಾಡುವ ಕೃತಿ. ಸಾಮಾನ್ಯವಾಗಿ ಮೂರು ಭಾಗ, ನಡುವಿನದು ನಿಧಾನ. ಕಾರ್ಯಕ್ರಮ ಡಿಸೆಂಬರ್ ಕೊನೆಗೆ ಎಂದು ಗೊತ್ತಾಯಿತು.

ಆಟಿ ತಿಂಗಳಲ್ಲಿ, ಅಂದರೆ ತುಳುವರ ಆಷಾಢದಲ್ಲಿ, ಇಲ್ಲಿ ಮದುವೆಗಳಿಲ್ಲ. ಅಣ್ಣನಿಗೆ ಬಿಡುವು. ವಾದ್ಯದ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ಸಿನಲ್ಲಿ ಆದಿ ಉಡುಪಿಗೆ ಬರುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಸ್ವರದ ವಿಷಯ ಬಂದರೆ ಕನ್ನಡದಲ್ಲಿ. ಅವರು ಪಾಶ್ಚಾತ್ಯ ಲಿಪಿ ಓದುವವರಲ್ಲ. ಅವರ ಪಾಲಿನದನ್ನು ನಾನು ಸ್ವರಾಕ್ಷರಗಳಲ್ಲಿ ಬರೆದು, ಕೀಬೋರ್ಡಿನಲ್ಲಿ ನುಡಿಸಿ ಫೋನಿಗೆ ಕಳಿಸುತ್ತಿದ್ದೆ. ಬರುವಾಗ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು, ಜತೆಗೆ ತಕರಾರುಗಳನ್ನೂ ತರುತ್ತಿದ್ದರು. ಮೊದಲ ಭಾಗದ ಒಂದು ಉದ್ದ ಸಾಲಿನಲ್ಲಿ ಉಸಿರು ತೆಗೆಯಲಿಕ್ಕೆ ಜಾಗವೇ ಇಲ್ಲ ಎಂದರು. ಜಾಗ ಮಾಡಿದೆ. ಇನ್ನೊಂದು ಕಡೆ ಅವರ ಸ್ವರ ವಯಲಿನ್‌ಗಳ ಸ್ವರಕ್ಕೆ ಬೇಕೆಂದೇ ಉಜ್ಜಿಕೊಂಡು ನಿಲ್ಲುತ್ತದೆ. "ಅಲ್ಲಿ ನಾನು ತಪ್ಪಿದೆ ಅಂತಲೇ ನಮ್ಮ ಜನ ತಿಳಿಯುವುದು" ಎಂದು ದೂರಿದರು. ಅದನ್ನು ನಾನು ಬದಲಿಸಲಿಲ್ಲ. ಕೆಲವು ವಾರ ಗೊಣಗಿಕೊಂಡೇ ಊದಿದರು, ಆಮೇಲೆ ಅವರಿಗೇ ಅದು ರುಚಿಸತೊಡಗಿತು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯಿಂದ ಕೆಲಸ ಮಾಡಿದ ಮಳೆಗಾಲ ಬೇರೆ ನೆನಪಿಲ್ಲ.

ನವರಾತ್ರಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು. ಧ್ವನಿ ಗಟ್ಟಿಯಾಗಿಯೇ ಇತ್ತು.

"ಟೀಚರ್, ಇವರ ಬಾಯಿ ಒಂದು ಬದಿಗೆ ಹೋಗಿದೆ. ನಾವು ಮಣಿಪಾಲಕ್ಕೆ ಹೊರಟಿದ್ದೇವೆ. ನೀವು ಸ್ವಲ್ಪ ಬರಬಹುದಾ?"

ನಾನು ತಲುಪುವಾಗ ಅವರು ಆಸ್ಪತ್ರೆಯ ಬೆಂಚಿನ ಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿಹೋಯಿತಂತೆ. ಕನ್ನಡಿ ನೋಡಿದರೆ ಬಲ ಅರ್ಧ ಮುಖ ಅಲ್ಲಾಡುತ್ತಿರಲಿಲ್ಲ. ಪಾರ್ಶ್ವವಾಯು ಎಂದೇ ಮನೆಯಲ್ಲಿ ಎಲ್ಲರೂ ಹೆದರಿದ್ದರು. ಪರೀಕ್ಷೆ ಮಾಡಿದ ಡಾಕ್ಟರು ಇನ್ನೂ ಚಿಕ್ಕ ಪ್ರಾಯದ ಹೆಣ್ಣುಮಗಳು. ಹುಬ್ಬು ಏರಿಸಿ ಎಂದಳು, ಕಣ್ಣು ಬಿಗಿಯಾಗಿ ಮುಚ್ಚಿ ಎಂದಳು, ಹಲ್ಲು ತೋರಿಸಿ ಎಂದಳು. ಕೊನೆಗೆ ಕೆನ್ನೆ ಉಬ್ಬಿಸಿ ಎಂದಳು. ಮೂವತ್ತು ವರ್ಷ ಕೆನ್ನೆ, ತುಟಿ, ಉಸಿರು ಇವುಗಳಿಂದಲೇ ಬದುಕಿದ ಮನುಷ್ಯ ಗಾಳಿ ತುಂಬಿಕೊಂಡರು. ಗಾಳಿ ಬಲ ತುಟಿಯ ಸಂದಿನಿಂದ ಪುಸ್ಸನೆ ಹೊರಗೆ ಹೋಯಿತು. ಅವರು ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಮೆದುಳಿಗೆ ಏನೂ ಆಗಿಲ್ಲ, ಮುಖದ ನರ ಊದಿಕೊಂಡಿದೆ, ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದು ಡಾಕ್ಟರು ಸಮಾಧಾನದಿಂದ ವಿವರಿಸಿದಳು. ಎಷ್ಟು ಸಮಯ ಎಂದರೆ ಹೇಳಲಿಕ್ಕೆ ಆಗುವುದಿಲ್ಲ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಕೆಲವರಿಗೆ ಸ್ವಲ್ಪ ಉಳಿದುಬಿಡುವುದೂ ಉಂಟು. ಮಾತ್ರೆ, ಕಣ್ಣಿಗೆ ಹನಿ, ಮಲಗುವಾಗ ರೆಪ್ಪೆಯ ಮೇಲೆ ಅಂಟಿಸುವ ಪಟ್ಟಿ, ಕನ್ನಡಿಯ ಮುಂದೆ ಮಾಡಬೇಕಾದ ವ್ಯಾಯಾಮ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಎರಡೆರಡು ಸಲ ಖಚಿತಪಡಿಸಿಕೊಂಡರು. ಅಣ್ಣ ಕೇಳಿದ್ದು ಒಂದೇ, ಊದಬಹುದಾ ಎಂದು. ಸದ್ಯಕ್ಕೆ ಬೇಡ ಎಂದಳು.

ಆ ನವರಾತ್ರಿಯಲ್ಲಿ ಅವರು ಒಪ್ಪಿಕೊಂಡಿದ್ದ ಕಡೆಗಳಿಗೆಲ್ಲ ಬೇರೆಯವರು ಹೋದರು. ಬೈಕಿನಲ್ಲಿ ಥಂಡಿ ಗಾಳಿ ಹೊಡೆದದ್ದು ಎಂದು ನೆರೆಯವರು, ದೃಷ್ಟಿ ತಾಗಿದ್ದು ಎಂದು ಅವರ ಚಿಕ್ಕಮ್ಮ. ಯಾರೋ ಒಬ್ಬರು ಎಣ್ಣೆ ತಂದುಕೊಟ್ಟರು, ಅದನ್ನೂ ಹಚ್ಚಿಕೊಂಡರು. ಹೆದ್ದಾರಿಯ ಕಡೆಗಿನ ಜಗಲಿ ಬಿಟ್ಟು ಹಿತ್ತಲಿನ ಕಡೆ ಕೂರುವುದು ಅಭ್ಯಾಸವಾಯಿತು. ಊಟ ಒಬ್ಬರೇ ಮಾಡುತ್ತಿದ್ದರು, ಏಕೆಂದರೆ ಅನ್ನ ಬಲಕೆನ್ನೆಯಲ್ಲಿ ಸಿಕ್ಕಿಕೊಂಡರೆ ಬೆರಳಿನಿಂದ ತೆಗೆಯಬೇಕಿತ್ತು.

ದೀಪಾವಳಿ ಕಳೆದರೂ ಮುಖ ಹೆಚ್ಚು ಬದಲಾಗಲಿಲ್ಲ. ಪ್ರೊಫೆಸರ್ ಮೃದುವಾಗಿಯೇ ವಿಷಯ ತೆಗೆದರು. ಗೋವಾದಲ್ಲಿ ಒಬ್ಬ ಒಳ್ಳೆಯ ವಾದಕ ಇದ್ದಾನೆ, ಲಿಪಿ ಓದಬಲ್ಲ, ಒಂದು ವಾರದಲ್ಲಿ ಕಲಿತಾನು ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ನಾನು ಕಾಪುವಿಗೆ ಹೋದೆ. ದಾರಿಯಲ್ಲಿ ಹೇಗೆ ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಅಣ್ಣ ನನ್ನನ್ನು ಕೂರಿಸಿ, ಚಹಾ ಬರುವ ಮುಂಚೆಯೇ ಹೇಳಿದರು, "ಬೇರೆಯವರನ್ನು ಕರೆಯಿರಿ ಟೀಚರ್. ನಾನು ಬೇಸರ ಮಾಡುವುದಿಲ್ಲ."

ತುಟಿಯ ಎಡ ಅರ್ಧದಲ್ಲೇ ಮಾತಾಡುವುದು ಅವರಿಗೆ ಆಯಾಸ. ಅವರು ಎದ್ದು ವಾದ್ಯ ತಂದು, ನಂಬಿಕೆಯಾಗದಿದ್ದರೆ ಕೇಳಿ ಎನ್ನುವಂತೆ ಊದಿ ತೋರಿಸಿದರು. ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳಿಸಿತು. ಇನ್ನೊಮ್ಮೆ ಊದಿದರು. ಆಮೇಲೆ, ಸಿಟ್ಟಿನಲ್ಲಿ ಇರಬೇಕು, ಬಲಗೈಯ ಎರಡು ಬೆರಳಿನಿಂದ ಬಲ ತುಟಿಯ ಮೂಲೆಯನ್ನು ಒತ್ತಿ ಹಿಡಿದು ಎಡಗೈ ಒಂದರಿಂದಲೇ ಕೀಲಿ ಒತ್ತಿ ಊದಿದರು. ಸ್ವರ ಬಂತು. ತೆಳ್ಳಗೆ, ಸ್ವಲ್ಪ ಒರಟಾಗಿ, ಆದರೆ ಪೂರ್ತಿ ಸ್ವರವೇ. ಒಳಗಿನಿಂದ ಅಕ್ಕ ಬಾಗಿಲಿಗೆ ಬಂದು ನಿಂತರು.

"ಹೀಗೆ ಬಾಯಿ ಹಿಡಿದುಕೊಂಡು ಯಾರಾದರೂ ಊದ್ತಾರಾ?" ಎಂದು ಅಣ್ಣ ವಾದ್ಯ ಕೆಳಗಿಟ್ಟರು.

ಎಡಗೈಗೆ ಮಾತ್ರ ಯಾವ ಯಾವ ಸ್ವರ ಸಿಗುತ್ತದೆ ಎಂದು ನಾನು ಕೇಳಿದೆ. ಸ್ಯಾಕ್ಸೋಫೋನಿನಲ್ಲಿ ಮೇಲಿನ ಕೀಲಿಗಳು ಎಡಗೈಗೆ, ಕೆಳಗಿನವು ಬಲಗೈಗೆ. ಎಡಗೈ ಒಂದಕ್ಕೆ ಸಲೀಸಾಗಿ ಸಿಗುವುದು ಅಕ್ಕಪಕ್ಕದ ಐದು ಸ್ವರ. ಹೆಬ್ಬೆರಳಿನ ಕೀಲಿ ಒತ್ತಿದರೆ ಅವೇ ಮೇಲಿನ ಸ್ಥಾಯಿಯಲ್ಲಿ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಂದೊಂದಾಗಿ ಊದಿ ತೋರಿಸಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೊರಟೆ.

ನಡುವಿನ ನಿಧಾನ ಭಾಗವನ್ನು ಹೊಸದಾಗಿ ಬರೆದೆ. ಮೊದಲಿನದರಲ್ಲಿ ಸ್ಯಾಕ್ಸೋಫೋನ್ ಕೆಳಗಿನಿಂದ ಮೇಲಿನವರೆಗೆ ಓಡಾಡುತ್ತಿತ್ತು, ತಂತಿಗಳು ಸುಮ್ಮನೆ ಆಧಾರ ಹಿಡಿದು ನಿಂತಿರುತ್ತಿದ್ದವು. ಈಗ ಅದು ತಲೆಕೆಳಗಾಯಿತು. ಸ್ಯಾಕ್ಸೋಫೋನ್ ಐದು ಸ್ವರಗಳಲ್ಲೇ ಕೂತಿದೆ, ಸುತ್ತ ತಂತಿಗಳು ಜಾಗ ಬದಲಿಸುತ್ತವೆ. ಅದೇ ಸ್ವರ ಒಮ್ಮೆ ಮನೆಗೆ ಬಂದಂತೆ, ಒಮ್ಮೆ ದಾರಿ ತಪ್ಪಿದಂತೆ ಕೇಳಬೇಕು. ಕೆಲಸ ಬೇಗ ಬೇಗ ಸಾಗಿತು. ಹಾಗೆ ಸಾಗಿದ್ದೇ ನನಗೆ ಹಿಂಸೆಯಾಯಿತು. ಒಬ್ಬರ ಮುಖ ಬಿದ್ದುಹೋದದ್ದರಿಂದ ನನಗೆ ಒಳ್ಳೆಯ ಸಂಗೀತ ಹೊಳೆಯುತ್ತಿದೆ ಎಂಬ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಅಡುಗೆಮನೆಯಲ್ಲಿ ಏನಾದರೂ ತೊಳೆಯುತ್ತಿದ್ದೆ. ತೊಳೆದು ಮತ್ತೆ ಬಂದು ಬರೆಯುತ್ತಿದ್ದೆ.

ಅಣ್ಣ ಅದನ್ನು ಕಲಿತರು. ದಿನಕ್ಕೆ ಸ್ವಲ್ಪ ಸ್ವಲ್ಪವೇ, ಡಾಕ್ಟರ ಒಪ್ಪಿಗೆ ಕೇಳಿಕೊಂಡು. ಪೂರ್ತಿ ಊದಿ ಮುಗಿಸಿದ ಮೊದಲ ದಿನ ಅವರು ಕೇಳಿದರು, "ಟೀಚರ್, ಇದು ನೀವು ನನ್ನ ಮುಖಕ್ಕೆ ಬರೆದದ್ದಾ, ಸಂಗೀತಕ್ಕೆ ಬರೆದದ್ದಾ?"

ಗೊತ್ತಿಲ್ಲ ಅಣ್ಣ ಎಂದೆ. ಅದು ನಿಜವಾಗಿತ್ತು. ಅವರು ವಾದ್ಯದ ಬಾಯಿಗೆ ಕಟ್ಟುವ ರೀಡನ್ನು ಬಿಚ್ಚಿ ಒರೆಸಿದರು. ಮೊದಲ ಮತ್ತು ಮೂರನೆಯ ಭಾಗ ಬಿಟ್ಟು ಈ ಒಂದನ್ನು ಮಾತ್ರ ಊದುತ್ತೇನೆ ಎಂದರು. ಒಂದು ಷರತ್ತು ಹಾಕಿದರು. ಕಾಯಿಲೆಯ ಸುದ್ದಿಯನ್ನು ವೇದಿಕೆಯಲ್ಲಿ ಯಾರೂ ಎತ್ತಬಾರದು. ದೀಪ ಕಡಿಮೆ ಇರಲಿ, ಬಲಗಡೆ ಸ್ವಲ್ಪ ಮರೆಯಾಗುವಂತೆ ಕೂರುತ್ತೇನೆ ಎಂದರು. ಪ್ರೊಫೆಸರ್ ಒಪ್ಪಿದರು.

ಒಪ್ಪದವರು ಅಕ್ಕ. ಅವರ ಅಂಗಡಿಗೆ ಹೋದಾಗ ಹೊಲಿಗೆ ಯಂತ್ರ ನಿಲ್ಲಿಸಿ, ಗಿರಾಕಿ ಹೊರಗೆ ಹೋಗುವವರೆಗೆ ಕಾದು ಮಾತಾಡಿದರು. "ನೀವು ಅವರ ಒಳ್ಳೆಯದಕ್ಕೇ ಮಾಡುವುದು, ನನಗೆ ಗೊತ್ತುಂಟು. ಆದರೆ ನಿಮ್ಮ ಹಾಲಿನಲ್ಲಿ ಕೂತವರಿಗೆ ಅದೊಂದು ಸಂಜೆ. ಇವರಿಗೆ ಮಾರನೆಯ ದಿನವೂ ಉಂಟು. ಮದುವೆಗೆ ಕರೆಯುವವರು ಇವರನ್ನು ಹೀಗೆ ನೋಡಿದರೆ ಮತ್ತೆ ಕರೀತಾರಾ?"

ನೀವೇ ಅವರ ಜತೆ ಮಾತಾಡಿ ನೋಡಿ ಎಂದೆ. ಮಾತಾಡಿದ್ದೇನೆ, ಅವರು ಕೇಳುವುದಿಲ್ಲ ಎಂದರು. ಮೂರು ತಿಂಗಳಿನಿಂದ ಏನೂ ಮಾಡದೆ ಕೂತವರಿಗೆ ಇದೊಂದು ಸಿಕ್ಕಿದೆ, ಅದನ್ನೂ ಕಿತ್ತುಕೊಳ್ಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ ಎಂದು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದರು.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ಅಣ್ಣ ಬಿಳಿ ಪಂಚೆ, ಕಂದು ಬಣ್ಣದ ಜುಬ್ಬಾ ಹಾಕಿ ಬಂದರು. ವೃಂದದವರು ಕುರ್ಚಿಗಳಲ್ಲಿ, ಅವರ ನಡುವೆ ಎತ್ತರದ ಮಣೆಯ ಮೇಲೆ ಇವರು ಕಾಲು ಮಡಚಿ. ಎಲ್ಲ ಸರಿಯಾಗಿಯೇ ಇತ್ತು. ಆಗ ನಿರೂಪಣೆ ಮಾಡುವವನು ಮೈಕ್ ಹಿಡಿದು, ಇಂದಿನ ಕಲಾವಿದರು ಮುಖದ ಪಾರ್ಶ್ವವಾಯುವನ್ನು ಎದುರಿಸಿ ನಿಮ್ಮ ಮುಂದೆ ಬಂದಿದ್ದಾರೆ, ದಯವಿಟ್ಟು ಜೋರಾದ ಚಪ್ಪಾಳೆ ಎಂದುಬಿಟ್ಟ. ಯಾರೋ ಪ್ರೀತಿಯಿಂದಲೇ ಅವನಿಗೆ ಹೇಳಿದ್ದಿರಬೇಕು. ಅವನೂ ಪ್ರೀತಿಯಿಂದಲೇ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಂದು ಸ್ವರವೂ ಕೇಳುವ ಮುಂಚೆ. ಪ್ರೊಫೆಸರ್ ನನ್ನ ಕಡೆ ತಿರುಗಿ ನೋಡಿದರು. ಅಣ್ಣ ತಲೆ ತಗ್ಗಿಸಿ ಕುತ್ತಿಗೆಗೆ ಹಾಕಿದ ವಾದ್ಯದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಮರೆಯಾಗುವಂತೆ ಕೂರುತ್ತೇನೆ ಎಂದವರು, ಆಮೇಲೆ ನಿಧಾನಕ್ಕೆ ಮೈಯನ್ನು ಪೂರ್ತಿ ಜನರ ಕಡೆಗೆ ತಿರುಗಿಸಿದರು. ಬೆರಳನ್ನು ತುಟಿಯ ಮೂಲೆಗೆ ಇಟ್ಟರು.

ಎಷ್ಟು ಚೆನ್ನಾಗಿ ಊದಿದರು ಎಂದು ನಾನು ಬರೆದರೆ ನನ್ನ ಕೃತಿಯನ್ನೇ ಹೊಗಳಿಕೊಂಡಂತೆ. ಆದರೂ ಇಷ್ಟು ಹೇಳಬೇಕು. ನಡುವೆ ಒಂದು ಕಡೆ ಗಾಳಿ ಸೋರಿ ಸ್ವರ ಒಡೆಯಿತು. ಅವರು ಅದನ್ನು ಮುಚ್ಚಿಹಾಕಲು ಹೋಗಲಿಲ್ಲ, ಆ ಒಡಕಿನ ಮೇಲೆಯೇ ಮುಂದಿನ ಸ್ವರವನ್ನು ಕೂರಿಸಿದರು. ಹಿಂದಿನ ಸಾಲಿನ ಚೆಲ್ಲೋ ಹುಡುಗಿ ಅಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮುಗಿದ ಮೇಲೆ ಜನ ಮತ್ತೆ ಎದ್ದು ನಿಂತರು. ಈ ಸಲ ಯಾವುದಕ್ಕೆ ನಿಂತದ್ದು ಎಂದು ನನಗಾಗಲಿ ಅವರಿಗಾಗಲಿ ತಿಳಿಯುವಂತಿರಲಿಲ್ಲ.

ಕಾಪುವಿಗೆ ನಾನೇ ಕಾರಿನಲ್ಲಿ ಬಿಟ್ಟು ಬಂದೆ. ಅಕ್ಕ ಹಿಂದಿನ ಸೀಟಿನಲ್ಲಿದ್ದರು. ಕಟಪಾಡಿ ಹತ್ತಿರ ಅಣ್ಣ ಹೇಳಿದರು, "ಮೊದಲೇ ಕೈ ತಟ್ಟಿದರಲ್ಲ ಟೀಚರ್. ಆಮೇಲೆ ನಾನು ಎಂತ ಊದಿದರೂ ಅವರಿಗೆ ಒಂದೇ."

ಅಕ್ಕ ಹೇಳಿದಂತೆಯೇ ನಡೆಯಿತು. ಯಾರೋ ತೆಗೆದ ವಿಡಿಯೋ ತುಣುಕು ಎರಡು ದಿನದಲ್ಲಿ ಕರಾವಳಿಯ ಎಲ್ಲ ಗ್ರೂಪುಗಳಲ್ಲೂ ಇತ್ತು. ಕಣ್ಣೀರಿನ ಚಿಹ್ನೆಗಳು, ಕೈಮುಗಿಯುವ ಚಿಹ್ನೆಗಳು, ಗಲ್ಫಿನಿಂದ ಹಾರೈಕೆಗಳು. ಕುಕ್ಕುಂದೂರಿನಲ್ಲಿ ನನ್ನ ಅಮ್ಮನಿಗೂ ಬಂದಿತ್ತು. ಮದುವೆಯ ಋತು ಶುರುವಾಗುವ ಕಾಲ ಅದು. ಮುಂಚೆಯೇ ಗೊತ್ತು ಮಾಡಿದ್ದವರು ಒಬ್ಬೊಬ್ಬರಾಗಿ ಫೋನ್ ಮಾಡಿ, ನೀವು ಆರೋಗ್ಯ ನೋಡಿಕೊಳ್ಳಿ, ನಿಮಗೆ ತೊಂದರೆ ಕೊಡುವುದು ಬೇಡ ಎಂದರು. ಒಬ್ಬರೂ ಒರಟಾಗಿ ಮಾತಾಡಲಿಲ್ಲ. ಒರಟಾಗಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಅಕ್ಕ ಹೇಳುತ್ತಿದ್ದರು. ನಾನು ಆ ತುಣುಕು ಹಾಕಿದವರನ್ನು ಹುಡುಕಿ ತೆಗೆಸಿದೆ. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು.

ಶಿವರಾತ್ರಿಯ ಹೊತ್ತಿಗೆ ಅವರ ಮುಖ ನೋಡನೋಡುತ್ತ ಸರಿಯಾಗತೊಡಗಿತು. ಮೊದಲು ಹುಬ್ಬು, ಆಮೇಲೆ ಕಣ್ಣಿನ ರೆಪ್ಪೆ, ಕೊನೆಗೆ ತುಟಿ. ಬೆರಳಿಲ್ಲದೆ ಮೊದಲ ಸಲ ಪೂರ್ತಿ ಸ್ವರ ತೆಗೆದ ದಿನ ನನಗೆ ಫೋನಿನಲ್ಲಿ ಊದಿ ಕೇಳಿಸಿದರು. ಊದಿ ಫೋನ್ ಇಟ್ಟರು. ಆದರೆ ಕರೆ ಬರುವುದು ಮಾತ್ರ ನಿಂತೇ ಇತ್ತು. ಪೇಟೆಯಲ್ಲಿ ಸಿಕ್ಕಿದವರು ಇವರ ಮುಖವನ್ನು ನೋಡುತ್ತಲೇ, ಈಗ ಹೇಗುಂಟು, ಕಡಿಮೆ ಉಂಟಾ ಎಂದು ಕೇಳುತ್ತಿದ್ದರು. ಒಂದು ದಿನ ಹಿತ್ತಲಿನಲ್ಲಿ ಕೂತು ಹೇಳಿದರು, "ನನಗೆ ಗುಣವಾಯಿತು. ಆ ವಿಡಿಯೋದಲ್ಲಿರುವವನಿಗೆ ಗುಣ ಆಗುವುದಿಲ್ಲ ಅಲ್ವಾ."

ನಾನು ಪ್ರೊಫೆಸರ್ ಮೂಲಕ ಇನ್ನೊಂದು ಕಾರ್ಯಕ್ರಮ ಮಾಡಿಸಲೇ ಎಂದು ಕೇಳಿದೆ. ಬೇಡ ಎಂದರು. ದಾರಿ ಮಾಡಿದ್ದು ಅಕ್ಕ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಟ್ಟೆಗಳನ್ನೆಲ್ಲ ಸರಿಸಿ, ಗಂಡನನ್ನು ಕೂರಿಸಿ, ಮದುವೆ ಮನೆಯಲ್ಲಿ ಜನ ಕೇಳುವ ಹಾಡುಗಳನ್ನು ಒಂದರ ಹಿಂದೆ ಒಂದು ಊದಿಸಿದರು. ಮುಖ ಹತ್ತಿರದಿಂದ ಕಾಣಬೇಕು, ಎರಡೂ ಕೈ ಕಾಣಬೇಕು ಎಂದು ಫೋನ್ ಹಿಡಿದವರೂ ಅವರೇ. ಹಿಂದೆ ಗೋಡೆಯಲ್ಲಿ ಅರ್ಧ ಹೊಲಿದ ರವಿಕೆಗಳು ನೇತಾಡುತ್ತಿದ್ದವು. ಅದನ್ನು ಹಾಲ್‌ಗಳ ಮ್ಯಾನೇಜರುಗಳಿಗೆ, ಅಡುಗೆಯವರಿಗೆ, ಅಲಂಕಾರದವರಿಗೆ ಕಳಿಸಿ, ಕಳಿಸಿದವರಿಗೆಲ್ಲ ಫೋನ್ ಮಾಡಿ ನೋಡಿದಿರಾ ಎಂದು ಕೇಳಿದರು. ಮೊದಲು ಪಡುಬಿದ್ರಿಯ ಕಡೆಯ ಒಂದು ಗೃಹಪ್ರವೇಶ ಬಂತು. ಆಮೇಲೆ ಒಂದು ಮದುವೆ. ಮೊದಲಿನಷ್ಟು ಇವತ್ತಿಗೂ ಇಲ್ಲ, ಆದರೆ ಬರುತ್ತದೆ.

ನರ ವಾಸಿಯಾಗುವಾಗ ಒಂದು ಸಣ್ಣ ತೊಡಕು ಉಳಿಸಿತು. ಜೋರಾಗಿ ಊದಲು ತುಟಿ ಬಿಗಿದರೆ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದರೆ ವಿಚಿತ್ರವಾಗಿ ಕಾಣುತ್ತದೆಂದು ಈಗ ಎರಡನ್ನೂ ಮುಚ್ಚಿಕೊಂಡು ಊದುತ್ತಾರೆ. ಎಂಥ ತಲ್ಲೀನತೆ ಎಂದು ಜನ ಮೆಚ್ಚುತ್ತಾರೆ. ಅವರು ತಿದ್ದಲು ಹೋಗುವುದಿಲ್ಲ.

ಗೋವಾದ ಆ ವಾದಕ ಕಳೆದ ವರ್ಷ ಕನ್ಸರ್ಟೊವನ್ನು ಬೇರೊಂದು ಊರಿನಲ್ಲಿ ಪೂರ್ತಿ ನುಡಿಸಿದ. ನಡುವಿನ ಭಾಗ ಯಾವುದಿರಲಿ, ಹಳೆಯದೋ ಹೊಸದೋ ಎಂದು ನನ್ನನ್ನು ಕೇಳಿದ್ದ. ನಾನು ಅಣ್ಣನನ್ನು ಕೇಳಿದೆ. ಹೊಸದೇ ಇರಲಿ, ಆದರೆ ಹಾಗೆ ಯಾಕೆ ಬರೆದದ್ದು ಅಂತ ಅವನಿಗೆ ಹೇಳಬೇಡಿ ಎಂದರು. ಹೇಳಲಿಲ್ಲ. ಅವನು ಎರಡೂ ಕೈಯಲ್ಲಿ ವಾದ್ಯ ಹಿಡಿದು, ಯಾವ ಕಷ್ಟವೂ ಇಲ್ಲದೆ, ಸುಂದರವಾಗಿ ನುಡಿಸಿದ. ರೆಕಾರ್ಡಿಂಗ್ ಕೇಳಿ ಅಣ್ಣ, ಸ್ವಲ್ಪ ಬೇಗ ಹೋದ ಎಂದಷ್ಟೇ ಹೇಳಿದರು. ನನಗೂ ಹಾಗೆಯೇ ಅನ್ನಿಸಿತ್ತು. ಕೃತಿ ತನ್ನಷ್ಟಕ್ಕೆ ತಾನು ನಿಲ್ಲುತ್ತದೆಯೇ, ಇಲ್ಲ ಆ ಬೆರಳು, ಆ ತುಟಿ ಇದ್ದದ್ದರಿಂದ ಮಾತ್ರ ನಿಂತಿತ್ತೇ ಎಂಬುದು ಆ ರೆಕಾರ್ಡಿಂಗಿನಿಂದಲೂ ತೀರ್ಮಾನವಾಗಲಿಲ್ಲ.

ಇದನ್ನು ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿದ್ದೇನೆ. ಹೆಸರು ಬೇಡ ಎಂದರು ಅಣ್ಣ. ಈಗ ಗುಣವಾಗಿದೆ ಎಂಬುದನ್ನು ಬಿಡದೆ ಬರೆಯಿರಿ ಎಂದರು ಅಕ್ಕ.

ಈಗ ಮತ್ತೆ ಆಟಿ. ಮಣಿಪಾಲದ ತಂಡ ಈ ವರ್ಷ ಮೂರೂ ಭಾಗಗಳನ್ನು ಅವರಿಂದಲೇ ಊದಿಸಬೇಕೆಂದು ಕೇಳಿದೆ. ಅಣ್ಣ ಆಗುತ್ತದೆ ಎಂದಿಲ್ಲ, ಆಗುವುದಿಲ್ಲ ಎಂದೂ ಹೇಳಿಲ್ಲ. ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಮೊದಲ ಭಾಗ ಊದುತ್ತಾರೆ, ಅದರ ತಕರಾರುಗಳನ್ನು ಮಾತಾಡುತ್ತೇವೆ, ನೇರ ಮೂರನೆಯದಕ್ಕೆ ಹೋಗುತ್ತೇವೆ. ಐದು ಸ್ವರದ ಆ ನಡುವಿನ ಭಾಗದ ಹಾಳೆ ಮೇಜಿನ ಮೇಲೆಯೇ ಇರುತ್ತದೆ. ನಾನು ಎತ್ತಿ ಕೊಡುವುದಿಲ್ಲ, ಅವರು ಕೇಳುವುದಿಲ್ಲ.